ತೋಟದ ನಡುವಿನ ಈಜುಕೊಳ: ತಳ ತೊಳೆಯಲು ಯಾವ ಬಗೆಯ ಕ್ಲೀನರ್ ಕೊಳ್ಳಬೇಕು?

ಪ್ರಶ್ನೆ: ತೋಟದಮನೆ, ಪುತ್ತೂರು

ಎಲ್ಲರಿಗೂ ನಮಸ್ಕಾರ.

ಪುತ್ತೂರಿನಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆಯಿದೆ. ನಾಲ್ಕು ವರ್ಷಗಳ ಹಿಂದೆ ಮನೆಯ ಹಿಂಬದಿಯ ದರೆಯನ್ನು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಒಂದು ಚಿಕ್ಕ ಈಜುಕೊಳವನ್ನು ಕಟ್ಟಿಸಿದೆವು. ನಾನು ಬಾಲ್ಯದಲ್ಲಿ ತೋಟದ ಕೆರೆಯಲ್ಲಿ ಈಜು ಕಲಿತವನು. ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಕ್ಕಳೂ ನೀರಿಗೆ ಅಂಜದೆ ಬೆಳೆಯಬೇಕೆಂಬ ಆಸೆಯಿಂದ ಕಟ್ಟಿಸಿದ್ದು.

ಕೊಳದ ಉದ್ದ 8 ಮೀಟರ್, ಅಗಲ 4 ಮೀಟರ್. ಒಂದು ತುದಿಯಲ್ಲಿ ಆಳ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ಐದೂವರೆ ಅಡಿ. ತಳಕ್ಕೂ ಗೋಡೆಗೂ ತಿಳಿನೀಲಿ ಬಣ್ಣದ ನುಣುಪು ಟೈಲ್ಸ್ ಹಾಕಿಸಿದ್ದೇವೆ. ನೀರಿನ ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಒಂದು ಸ್ಕಿಮ್ಮರ್, ತಳದಲ್ಲಿ ಎರಡು ಡ್ರೈನ್, ಗೋಡೆಯಲ್ಲಿ ಹೋಸ್ ಸಿಕ್ಕಿಸುವ ಒಂದು ವ್ಯಾಕ್ಯೂಮ್ ಪಾಯಿಂಟ್, ಒಂದು ಎಚ್‌ಪಿಯ ಪಂಪ್ ಮತ್ತು 20 ಇಂಚಿನ ಮರಳಿನ ಫಿಲ್ಟರ್ ಇವೆ. ನೀರು ಬೋರ್‌ವೆಲ್ಲಿನದು.

ಇದುವರೆಗೆ ನೆರೆಮನೆಯ ಹುಡುಗನೊಬ್ಬ ಪ್ರತಿ ಭಾನುವಾರ ಬಂದು, ಉದ್ದ ಕೋಲಿಗೆ ವ್ಯಾಕ್ಯೂಮ್ ಹೆಡ್ ಸಿಕ್ಕಿಸಿ, ತಳವನ್ನೆಲ್ಲ ಎಳೆದು ಕೊಡುತ್ತಿದ್ದ. ಅವನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು, ಸಂತೋಷದ ಸಂಗತಿ. ಆದರೆ ನನಗೆ ಈಗ ಅರುವತ್ತೊಂದು ವರ್ಷ, ಮನೆಯವಳಿಗೆ ಸೊಂಟನೋವು. ನೀರು ತುಂಬಿದ ಹೋಸ್ ಪೈಪನ್ನು ಎಳೆದಾಡುವುದು ನಮ್ಮಿಬ್ಬರಿಂದ ಆಗುವ ಕೆಲಸವಲ್ಲವೆಂದು ಎರಡು ತಿಂಗಳಲ್ಲಿ ಮನವರಿಕೆಯಾಗಿದೆ.

ಕೊಳಕ್ಕೆ ಬೀಳುವ ಕಸವನ್ನೂ ಹೇಳಿಬಿಡುತ್ತೇನೆ. ಹಿಂಗಾರ ಬಿರಿಯುವ ಕಾಲದಲ್ಲಿ ಅಡಿಕೆಯ ಗಂಡುಹೂಗಳು ಅಕ್ಕಿಕಾಳಿನಂತೆ ಉದುರಿ ತಳದಲ್ಲಿ ಹರಡಿಕೊಳ್ಳುತ್ತವೆ. ಪಕ್ಕದ ಗುಡ್ಡದಲ್ಲಿ ರಬ್ಬರ್ ಇರುವುದರಿಂದ ಡಿಸೆಂಬರ್ ಕಳೆಯುತ್ತಿದ್ದಂತೆ ಎಲೆ ಉದುರಲು ತೊಡಗುತ್ತದೆ. ಬೇಸಿಗೆಯಲ್ಲಿ ದರೆಯ ಕೆಂಪು ಧೂಳು, ಮೊದಲ ಮಳೆಗೆ ಅದೇ ಕೆಂಪು ನೀರು. ಮಳೆಗಾಲದಲ್ಲಿ ಎರಡು ದಿನ ಪಂಪ್ ಓಡದಿದ್ದರೆ ಗೋಡೆಗೆ ಲೋಳೆ ಹಿಡಿಯುತ್ತದೆ.

ವಿಚಾರಿಸಿದಾಗ ಮೂವರು ಮಾರಾಟಗಾರರು ಮೂರು ಮಾತು ಹೇಳಿದರು. ಪಂಪಿನ ಸೆಳೆತದಿಂದಲೇ ಓಡುವ ಸಕ್ಷನ್ ಕ್ಲೀನರ್ ಸಾಕೆಂದು ಒಬ್ಬರು, ಕೇಬಲ್ ಇರುವ ರೋಬೋ ತೆಗೆದುಕೊಳ್ಳಿ ಎಂದು ಮತ್ತೊಬ್ಬರು, ಕೇಬಲ್ಲೇ ಇಲ್ಲದ ಬ್ಯಾಟರಿಯ ರೋಬೋ ಈಗಿನ ಕಾಲಕ್ಕೆ ಸರಿ ಎಂದು ಮೂರನೆಯವರು. ವಾರಕ್ಕೆರಡು ಸಲ ಬಂದು ನೋಡಿಕೊಳ್ಳುವ ಗುತ್ತಿಗೆಯವರೂ ಮಂಗಳೂರಿನಲ್ಲಿ ಇದ್ದಾರೆ. ಕಳೆದ ವರ್ಷ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಕಂಡ ಕೈಯಲ್ಲಿ ಹಿಡಿಯುವ ಬ್ಯಾಟರಿ ವ್ಯಾಕ್ಯೂಮನ್ನು ತರಿಸಿ, ನಾಲ್ಕು ವಾರಗಳಲ್ಲಿ ಅದರೊಳಗೆ ನೀರು ಸೇರಿ ಕೆಟ್ಟುಹೋದ ಅನುಭವ ಇರುವುದರಿಂದ, ಈ ಸಲ ಬಳಸಿ ನೋಡಿದವರ ಮಾತು ಕೇಳದೆ ಹಣ ಕೊಡಬಾರದೆಂದು ನಿರ್ಧರಿಸಿದ್ದೇನೆ. ನುಣುಪು ಟೈಲ್ಸಿನ ಗೋಡೆಯನ್ನು ರೋಬೋ ನಿಜವಾಗಿಯೂ ಹತ್ತುತ್ತದೆಯೇ? ಕೆಂಪು ಮಣ್ಣಿನ ನಯವಾದ ಪುಡಿಯನ್ನು ಇವುಗಳಲ್ಲಿ ಯಾವುದು ಹಿಡಿಯುತ್ತದೆ? ನಮ್ಮ ಕಡೆಯ ವಿದ್ಯುತ್ತಿನ ಸ್ಥಿತಿ ನಿಮಗೆ ತಿಳಿದೇ ಇದೆ. ಅದಕ್ಕೆ ಯಾವುದು ಹೊಂದುತ್ತದೆ?

ಉತ್ತರ 1: ನೀರುನೆಲೆ, ಮೈಸೂರು

ತಮ್ಮ ಪ್ರಶ್ನೆಯಲ್ಲಿ ಅಳತೆಗಳೆಲ್ಲ ಇರುವುದರಿಂದ ಉತ್ತರಿಸುವುದು ಸುಲಭವಾಯಿತು. ನಾನು ನೀರು ಶುದ್ಧೀಕರಣದ ಕೆಲಸದಲ್ಲಿದ್ದು ನಿವೃತ್ತನಾದವನು. ಕೊನೆಯ ಒಂಬತ್ತು ವರ್ಷ ಒಂದು ವಸತಿ ಸಂಸ್ಥೆಯ ಈಜುಕೊಳವೂ ನನ್ನ ಉಸ್ತುವಾರಿಯಲ್ಲಿತ್ತು.

ಯಂತ್ರದ ಹೆಸರನ್ನು ಬದಿಗಿಟ್ಟು ಮೊದಲು ಕಸದ ಕಡೆ ನೋಡಿ. ತಾವು ಹೇಳಿದ ಕಸ ಒಂದೇ ಜಾತಿಯದಲ್ಲ. ಅಡಿಕೆ ಹೂ, ರಬ್ಬರ್ ಎಲೆ, ಸತ್ತ ಹುಳು ಇವು ಕಣ್ಣಿಗೆ ಕಾಣುವ ಕಸ. ಯಾವ ಕ್ಲೀನರ್ ಆದರೂ ಹಿಡಿಯುತ್ತದೆ. ಗಾಳಿಗೆ ಹಾರಿ ಬರುವ ಧೂಳಿನ ಹೆಚ್ಚಿನ ಪಾಲು ರಾತ್ರಿ ಕಳೆಯುವುದರೊಳಗೆ ತಳಕ್ಕೆ ಕೂರುತ್ತದೆ. ಒಳ್ಳೆಯ ಜಾಲರಿಯಿರುವ ಯಂತ್ರ ಅದನ್ನೂ ಹಿಡಿಯುತ್ತದೆ. ಆದರೆ ಮೊದಲ ಮಳೆಗೆ ದರೆಯಿಂದ ಇಳಿದು ಬರುವ ಕೆಂಪು ನೀರಿನಲ್ಲಿ ಜೇಡಿಯ ಕಣಗಳಿರುತ್ತವೆ. ಮಣ್ಣುಶಾಸ್ತ್ರದಲ್ಲಿ ಜೇಡಿ ಎಂದರೆ 2 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣ. ಮರಳಿನ ಫಿಲ್ಟರ್ ಚೆನ್ನಾಗಿ ತಡೆಯುವುದು ಸುಮಾರು 20ರಿಂದ 40 ಮೈಕ್ರಾನಿನ ಕಣಗಳನ್ನು. ಹೀಗಾಗಿ ಸಕ್ಷನ್ ಕ್ಲೀನರ್ ಆ ಕೆಂಪನ್ನು ತಳದಿಂದ ಎಳೆದುಕೊಂಡು ಹೋಗಿ ಫಿಲ್ಟರಿನ ಮೂಲಕ ಅದೇ ಕೊಳಕ್ಕೆ ಹಿಂದಿರುಗಿಸುತ್ತದೆ. ರೋಬೋದ ಜಾಲರಿ ನಯವಾಗಿದ್ದರೂ ಜೇಡಿಯ ಬಿಡಿ ಕಣ ಅದಕ್ಕೂ ಸಿಕ್ಕುವುದಿಲ್ಲ.

ಅದಕ್ಕೆ ಹಳೆಯ ವಿಧಾನವೇ ಸರಿ. ಪಟಿಕವನ್ನು ಅಥವಾ ಈಜುಕೊಳಕ್ಕೆಂದೇ ಮಾರುವ ಫ್ಲಾಕ್ ದ್ರಾವಣವನ್ನು ಹಾಕಿ, ಸ್ವಲ್ಪ ಹೊತ್ತು ನೀರನ್ನು ಸುತ್ತಿಸಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಡಬೇಕು. ಕಣಗಳು ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ಹತ್ತಿಯ ಹಾಸಿನಂತೆ ಕೂರುತ್ತವೆ. ಎಷ್ಟು ಹಾಕಬೇಕೆಂಬುದನ್ನು ನಾಲ್ಕು ಬಕೆಟ್ ಕೊಳದ ನೀರಿನಲ್ಲಿ ಬೇರೆ ಬೇರೆ ಪ್ರಮಾಣ ಕಲಕಿ ನೋಡಿಯೇ ತೀರ್ಮಾನಿಸಿ. ನಾವು ಪ್ಲಾಂಟಿನಲ್ಲಿ ದಿನವೂ ಮಾಡುತ್ತಿದ್ದುದು ಇದನ್ನೇ. ಬೆಳಿಗ್ಗೆ ವಾಲ್ವನ್ನು ‘ವೇಸ್ಟ್’ ಸ್ಥಾನಕ್ಕೆ ತಿರುಗಿಸಿ, ಫಿಲ್ಟರಿನ ಗೊಡವೆಗೇ ಹೋಗದೆ, ಕೈಯ ವ್ಯಾಕ್ಯೂಮ್ ಹೆಡ್‌ನಿಂದ ನಿಧಾನವಾಗಿ ಎಳೆದು ಹೊರಗೆ ಬಿಡಬೇಕು. ಇಪ್ಪತ್ತು ನಿಮಿಷಕ್ಕೆ ಸುಮಾರು 2,500 ಲೀಟರ್ ನೀರು ಹೋದೀತು. ತಮ್ಮ ಕೊಳದಲ್ಲಿ ಅದು ಎಂಟು ಸೆಂಟಿಮೀಟರ್ ಮಟ್ಟ. ವರ್ಷಕ್ಕೆ ಎರಡು ಮೂರು ಸಲ ಬರುವ ಕೆಲಸವಿದು. ಅದಕ್ಕೆ ಯಾರನ್ನಾದರೂ ಕರೆಸಬಹುದು. ಆದ್ದರಿಂದ ಯಾವ ಯಂತ್ರವನ್ನು ಕೊಂಡರೂ ಹಳೆಯ ಕೋಲು, ಹೆಡ್, ಪೈಪುಗಳನ್ನು ಗುಜರಿಗೆ ಹಾಕಬೇಡಿ. ಕೆಂಪು ನೀರು ಕೊಳಕ್ಕೆ ಇಳಿಯದಂತೆ ದರೆಯ ಬುಡದಲ್ಲಿ ಒಂದು ಚರಂಡಿಯನ್ನೂ ಅಡ್ಡಕಟ್ಟೆಯನ್ನೂ ಕಟ್ಟಿಸಿದರೆ ಇನ್ನೂ ಉತ್ತಮ. 

ಇನ್ನು ಯಂತ್ರಗಳು. ತಮ್ಮ ಕೊಳದಲ್ಲಿ ಸರಾಸರಿ ಆಳ 1.35 ಮೀಟರ್ ಎಂದಿಟ್ಟುಕೊಂಡರೆ ಸುಮಾರು 43,000 ಲೀಟರ್ ನೀರಿದೆ. ತಮ್ಮ ಫಿಲ್ಟರಿನ ಮೂಲಕ ಗಂಟೆಗೆ ಹತ್ತು ಸಾವಿರ ಲೀಟರ್ ಹಾಯುತ್ತದೆಂದರೆ, ಇಡೀ ಕೊಳ ಒಮ್ಮೆ ಸುತ್ತಿ ಬರಲು ನಾಲ್ಕೂಕಾಲು ಗಂಟೆ ಬೇಕು. ದಿನಕ್ಕೆ ಆರರಿಂದ ಎಂಟು ಗಂಟೆ ಪಂಪ್ ಹೇಗೂ ಓಡಲೇಬೇಕು. ಸಕ್ಷನ್ ಕ್ಲೀನರ್ ಆ ಪಂಪಿನ ಸೆಳೆತವನ್ನೇ ಬಳಸುವುದರಿಂದ ಅದಕ್ಕಾಗಿ ಪ್ರತ್ಯೇಕ ವಿದ್ಯುತ್ ಬೇಡ. ರೋಬೋಗೆ ತನ್ನದೇ ಮೋಟಾರುಗಳಿವೆ. ಆದರೂ 150ರಿಂದ 200 ವಾಟ್‌ನ ಯಂತ್ರ ಎರಡು ಗಂಟೆ ಓಡಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಕರೆಂಟಿನ ಬಿಲ್ಲನ್ನು ಮುಂದಿಟ್ಟುಕೊಂಡು ಯಾರಾದರೂ ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದರೆ ಅದಕ್ಕೆ ಬೆಲೆ ಕೊಡಬೇಡಿ.

ನಿಜವಾದ ವ್ಯತ್ಯಾಸ ಇರುವುದು ಕಸ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ಸಕ್ಷನ್ ಕ್ಲೀನರ್ ಎಳೆದದ್ದೆಲ್ಲ ಪಂಪಿನ ಬುಟ್ಟಿಗೆ, ಅಲ್ಲಿ ನಿಲ್ಲದ್ದು ಮರಳಿಗೆ. ಫಿಲ್ಟರಿನ ಗೇಜಿನ ಒತ್ತಡ ಶುದ್ಧ ಸ್ಥಿತಿಗಿಂತ 8ರಿಂದ 10 ಪಿಎಸ್‌ಐ ಏರಿದಾಗಲೆಲ್ಲ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳನ್ನು ತೊಳೆಯುವ ಬ್ಯಾಕ್‌ವಾಶ್ ಮಾಡಬೇಕು. ಮೂರು ನಿಮಿಷದ ಒಂದು ಬ್ಯಾಕ್‌ವಾಶ್‌ಗೆ ತಮ್ಮ ಕೊಳದಲ್ಲಿ ಸುಮಾರು 500 ಲೀಟರ್ ನೀರು ಬೇಕು. ರೋಬೋ ತನ್ನ ಹೊಟ್ಟೆಯ ಬುಟ್ಟಿಯಲ್ಲೇ ಕಸ ತುಂಬಿಕೊಳ್ಳುವುದರಿಂದ ಮರಳಿನ ಮೇಲಿನ ಹೊರೆ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಬೋರ್‌ವೆಲ್ ಇಳಿಯುವ ಊರಿನಲ್ಲಿ, ತೋಟಕ್ಕೂ ಕೊಳಕ್ಕೂ ಒಂದೇ ನೀರು ಹಂಚಬೇಕಾದವರಿಗೆ, ಇದು ಸಣ್ಣ ವಿಷಯವಲ್ಲ.

ಟೈಲ್ಸಿನ ಪ್ರಶ್ನೆಗೆ: ರೋಬೋ ಹತ್ತುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ಬ್ರಶ್. ಒರಟು ಸಿಮೆಂಟ್ ಮೇಲ್ಮೈಗೆ ರಬ್ಬರಿನಂಥ ಬ್ರಶ್ ಸಾಕು. ನುಣುಪು ಟೈಲ್ಸಿಗೂ ಗಾಜಿನ ಮೊಸಾಯಿಕ್‌ಗೂ ಸ್ಪಂಜಿನ ಬ್ರಶ್ ಬೇಕು. ಸ್ಪಂಜು ನೀರು ಕುಡಿದು ಮೆತ್ತಗಾಗಿ ಟೈಲ್ಸನ್ನು ಕಚ್ಚಿ ಹಿಡಿಯುತ್ತದೆ. ಕೊಳ್ಳುವ ಮೊದಲು ‘ನನ್ನದು ನುಣುಪು ಟೈಲ್ಸ್’ ಎಂದು ಬರೆದು ತಿಳಿಸಿ, ಬಿಲ್ಲಿನಲ್ಲೂ ಬ್ರಶ್ಶಿನ ಬಗೆಯನ್ನು ನಮೂದಿಸಲು ಹೇಳಿ.

ಕೊನೆಯದಾಗಿ ಗೋಡೆಯ ಲೋಳೆ. ಅದು ಪಾಚಿ, ಕಸವಲ್ಲ, ಜೀವ. ಯಂತ್ರ ಅದನ್ನು ಕೆರೆದು ತೆಗೆದರೂ ನೀರಿನಲ್ಲಿ ಕ್ಲೋರಿನ್ ಇಲ್ಲದಿದ್ದರೆ ಮರುದಿನವೇ ಮತ್ತೆ ಹುಟ್ಟುತ್ತದೆ. ಉಳಿಕೆ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.6 ಇರಲಿ. ಪಿಎಚ್ 7.5 ಇರುವಾಗ ಕ್ಲೋರಿನ್ನಿನ ಅರ್ಧದಷ್ಟು ಮಾತ್ರ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿತೆಂದರೆ ಕಾಲು ಭಾಗವೂ ಉಳಿಯುವುದು ಕಷ್ಟ. ಮಳೆನೀರು ಕೊಳದ ಕ್ಲೋರಿನ್ನನ್ನೂ ಕ್ಷಾರತೆಯನ್ನೂ ತೆಳುಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷಾ ಕಿಟ್ ತಮ್ಮ ಕೈಯಲ್ಲಿ ದಿನವೂ ಇರಬೇಕು.

ಉತ್ತರ 2: ಕಾಫಿಕಣಿವೆ, ಸಕಲೇಶಪುರ

ಮೈಸೂರಿನ ಹಿರಿಯರು ತತ್ತ್ವವನ್ನು ಸ್ಪಷ್ಟವಾಗಿ ತಿಳಿಸಿದ್ದಾರೆ. ನಾನು ಎರಡೂ ಬಗೆಯ ಯಂತ್ರಗಳನ್ನು ಕೊಂಡು ಬಳಸಿದವನಾದ್ದರಿಂದ ನಿತ್ಯದ ಅನುಭವವನ್ನಷ್ಟೇ ಸೇರಿಸುತ್ತೇನೆ.

ನಮ್ಮ ಎಸ್ಟೇಟ್ ಮನೆಯ ಕೊಳ ನಿಮ್ಮದಕ್ಕಿಂತ ಸ್ವಲ್ಪ ದೊಡ್ಡದು. ಸುತ್ತ ಸಿಲ್ವರ್ ಓಕ್ ಮರಗಳು. ಮೊದಲು ಕೊಂಡದ್ದು ಸಕ್ಷನ್ ಕ್ಲೀನರ್. ಒಳಗೆ ಒಂದು ರಬ್ಬರ್ ಪೊರೆ ಪಟಪಟನೆ ಬಡಿಯುತ್ತಾ ಯಂತ್ರವನ್ನು ಮುಂದೆ ನೂಕುವಂಥದ್ದು. ಬಿಡಿಭಾಗ ಕಡಿಮೆ, ಮೋಟಾರಿಲ್ಲ, ಸುಡಲು ಏನೂ ಇಲ್ಲ. ಸಣ್ಣ ಕಸವಿರುವ ದಿನಗಳಲ್ಲಿ ಅದು ನಂಬಿಕೆಯಿಂದ ದುಡಿಯಿತು. ಆದರೆ ಸಿಲ್ವರ್ ಓಕ್‌ನ ಗರಿಯಂಥ ಎಲೆ ಗಂಟಲಿಗೆ ಅಡ್ಡ ಸಿಕ್ಕಿತೆಂದರೆ ನಿಂತಲ್ಲೇ ನಿಲ್ಲುತ್ತಿತ್ತು. ಹೋಸ್ ಪೈಪಿನ ಯಾವುದಾದರೂ ಜೋಡಣೆ ಸಡಿಲವಾಗಿ ಗಾಳಿ ಎಳೆದರೆ ಪಂಪಿಗೆ ನೀರು ಸಿಗದಾಗುತ್ತಿತ್ತು. ಒಂದು ಸಲ ಯಾರೂ ನೋಡದೆ ಪಂಪು ಒಣಗಿ ಓಡಿ ಅದರ ಸೀಲ್ ಹೋಯಿತು. ನೀವು ಇದನ್ನೇ ಆರಿಸಿದರೆ ಎರಡು ಎಚ್ಚರಿಕೆಗಳನ್ನು ಪಾಲಿಸಿ. ಹೋಸ್‌ನ ನಡುವೆ ಎಲೆ ಹಿಡಿಯುವ ಡಬ್ಬಿಯೊಂದನ್ನು ಕೂರಿಸಿ, ಮತ್ತು ಸ್ಕಿಮ್ಮರಿನ ವಾಲ್ವನ್ನು ಪೂರ್ತಿ ಮುಚ್ಚದೆ ಕಾಲು ಭಾಗ ತೆರೆದಿಡಿ. ಆಗ ಕ್ಲೀನರ್ ಕಟ್ಟಿಕೊಂಡರೂ ಪಂಪಿಗೆ ನೀರು ಸಿಗುತ್ತದೆ.

ಮೂರು ವರ್ಷದ ನಂತರ ಕೇಬಲ್ ರೋಬೋ ತಂದೆವು. ತಂದ ಮೊದಲ ದಿನ ಅದು ಗೋಡೆಗೆ ಮೂಗು ತಾಗಿಸಿ, ಅರ್ಧ ಅಡಿ ಹತ್ತಿ ಜಾರಿ ಬೀಳುತ್ತಿತ್ತು. ಮಾರಿದವರು ಕೊಳದ ನೀರೇ ಸರಿಯಿಲ್ಲವೆಂದು ಹದಿನೈದು ದಿನ ಅಲೆಸಿದರು. ಕೊನೆಗೆ ಬೇರೊಬ್ಬ ತಂತ್ರಜ್ಞ ಬಂದು ಸ್ಪಂಜಿನ ಬ್ರಶ್ ಹಾಕಿದ ಮೇಲೆ ನೀರಿನ ಮಟ್ಟದವರೆಗೂ ಹತ್ತಿತು. ಆ ಸ್ಪಂಜು ಸವೆಯುವ ವಸ್ತು. ನಮ್ಮಲ್ಲಿ ಒಂದೂವರೆ ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದೇವೆ.

ಯಾವ ಜಾಹೀರಾತಿನಲ್ಲೂ ಇಲ್ಲದ ಮಾತೊಂದಿದೆ. ರೋಬೋವನ್ನು ಪ್ರತಿ ಸಲವೂ ನೀರಿನಿಂದ ಮೇಲೆತ್ತಬೇಕು, ಬುಟ್ಟಿ ತೆಗೆದು ನಲ್ಲಿಯಡಿ ತೊಳೆಯಬೇಕು, ಕೇಬಲ್ಲಿನ ಸಿಕ್ಕು ಬಿಡಿಸಿ ನೆರಳಿನಲ್ಲಿಡಬೇಕು. ನಮ್ಮದು ಒಣಗಿದಾಗಲೇ ಹತ್ತು ಕಿಲೋ ತೂಗುತ್ತದೆ. ನೀರು ತುಂಬಿಕೊಂಡು ಮೇಲೆ ಬರುವಾಗ ಇನ್ನೂ ಭಾರ. ನಿಮ್ಮ ಮನೆಯವರಿಗೆ ಸೊಂಟನೋವೆಂದು ಬರೆದಿದ್ದೀರಿ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹಿಡಿಕೆಯನ್ನು ನೀರಿನ ಮಟ್ಟಕ್ಕೆ ತಂದು, ಅರ್ಧ ನಿಮಿಷ ನೀರು ಸೋರಲು ಬಿಟ್ಟು, ಆಮೇಲೆ ಎತ್ತಬೇಕು. ಚಕ್ರವಿರುವ ತಳ್ಳುಗಾಡಿಯನ್ನು ಜೊತೆಗೇ ಕೊಳ್ಳಬೇಕು. ಕೇಬಲ್ ಹಿಡಿದು ಎಳೆದರೆ ಒಳಗಿನ ತಂತಿ ತುಂಡಾಗುತ್ತದೆ. ಆ ರಿಪೇರಿಗೆ ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ನಮಗೆ ತಡವಾಗಿ ತಿಳಿಯಿತು.

ನಾಲ್ಕನೆಯ ವರ್ಷ ನಮ್ಮ ಯಂತ್ರದ ಮೋಟಾರಿನ ಭಾಗ ಕೆಟ್ಟಿತು. ಬಿಡಿಭಾಗ ಹೊರದೇಶದಿಂದ ಬರಬೇಕೆಂದು ನಲವತ್ತು ದಿನ ಕಾಯಿಸಿದರು. ಆ ನಲವತ್ತು ದಿನ ಕೆಲಸಕ್ಕೆ ಬಂದದ್ದು ಮೂಲೆಯಲ್ಲಿ ಇಟ್ಟಿದ್ದ ಹಳೆಯ ಸಕ್ಷನ್ ಕ್ಲೀನರ್. ಹೀಗಾಗಿ ಮಾರಾಟಗಾರರನ್ನು ಎಷ್ಟು ಮೀಟರ್ ಕೇಬಲ್, ಎಷ್ಟು ಬಗೆಯ ಪ್ರೋಗ್ರಾಂ ಎಂದೆಲ್ಲ ಕೇಳುವ ಮೊದಲು, ರಿಪೇರಿ ಯಾವ ಊರಿನಲ್ಲಿ ಆಗುತ್ತದೆ, ಅಲ್ಲಿವರೆಗೆ ಯಂತ್ರವನ್ನು ಸಾಗಿಸುವವರು ಯಾರು, ಬದಲಿ ಯಂತ್ರ ಕೊಡುತ್ತೀರಾ ಎಂದು ಕೇಳಿ. ಉತ್ತರ ತೊದಲಿದರೆ ಅಂಗಡಿ ಬದಲಿಸಿ.

ಉತ್ತರ 3: ದಕ್ಷಿಣದಿಕ್ಕು, ಬ್ರಿಸ್ಬೇನ್

ನಾನು ಮೂಲತಃ ಶಿರಸಿಯವನು, ಹದಿನೈದು ವರ್ಷಗಳಿಂದ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿ ಹಿತ್ತಲಿನ ಈಜುಕೊಳ ಸಾಮಾನ್ಯ ಸಂಗತಿ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ‘ಕ್ರೀಪಿ ಕ್ರಾಲಿ’ ಎಂಬ ಸಕ್ಷನ್ ಕ್ಲೀನರ್ ಹುಟ್ಟಿತು. ಆ ಬಗೆಯ ಯಂತ್ರಗಳು ಇಂದಿಗೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಓಡುತ್ತಿವೆ. ಬೆಲೆ ಕಡಿಮೆ, ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತದೆ ಎಂಬುದೇ ಅದಕ್ಕೆ ಕಾರಣ. ನಿಮ್ಮ ಊರಿನಲ್ಲಿ ಆ ಎರಡನೆಯ ಅನುಕೂಲ ಇದೆಯೇ ಎಂದು ನೋಡಿಕೊಳ್ಳಿ.

ಬ್ಯಾಟರಿ ರೋಬೋದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನನ್ನ ಎರಡು ವರ್ಷಗಳ ಅನುಭವ ಬರೆಯುತ್ತೇನೆ. ಕೇಬಲ್ಲಿನ ಸಿಕ್ಕಿಲ್ಲ, ಎರಡು ಕೈಗಳಿಂದ ಸುಲಭವಾಗಿ ಎತ್ತಬಹುದು. ಅಷ್ಟರಮಟ್ಟಿಗೆ ಹಿರಿಯರಿಗೆ ಅನುಕೂಲ. ಆದರೆ ಚಾರ್ಜ್ ಮುಗಿದಾಗ ಅದು ಎಲ್ಲಿದೆಯೋ ಅಲ್ಲಿಯೇ ತಳದಲ್ಲಿ ಕೂತುಬಿಡುತ್ತದೆ. ಕೋಲಿಗೆ ಕೊಕ್ಕೆ ಸಿಕ್ಕಿಸಿ ಮೇಲೆತ್ತಬೇಕು. ಹೊಸದರಲ್ಲಿ ಎರಡು ಗಂಟೆ ಓಡುತ್ತಿದ್ದದ್ದು ಈಗ ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ಲುತ್ತಿದೆ. ಬ್ಯಾಟರಿಯನ್ನು ಮಾತ್ರ ಬದಲಿಸುವ ವ್ಯವಸ್ಥೆ ನನ್ನ ಯಂತ್ರದಲ್ಲಿ ಇಲ್ಲ. ಕೊಳ್ಳುವಾಗ ನಾನು ಕೇಳದೆ ಬಿಟ್ಟ ಪ್ರಶ್ನೆ ಅದು.

ಕ್ಲೀನರಿನ ವಿಷಯಕ್ಕೆ ಸೇರದಿದ್ದರೂ, ಮೊಮ್ಮಕ್ಕಳು ಬರುತ್ತಾರೆಂದು ಓದಿದಾಗ ಮನಸ್ಸಿಗೆ ಬಂದ ಮಾತನ್ನು ಬರೆಯದಿರಲಾರೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯ ಕೊಳದ ಸುತ್ತ ಕನಿಷ್ಠ 1.2 ಮೀಟರ್ ಎತ್ತರದ ಬೇಲಿಯೂ ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟೂ ಕಾನೂನಿನಂತೆ ಇರಲೇಬೇಕು. ನಿಮ್ಮಲ್ಲಿ ಈಗಾಗಲೇ ಬೇಲಿಯಿದ್ದರೆ ಸಂತೋಷ. ಇಲ್ಲದಿದ್ದರೆ ಕ್ಲೀನರಿಗಿಂತ ಮೊದಲು ಅದಕ್ಕೆ ಹಣ ತೆಗೆದಿಡಿ.

ಪ್ರಶ್ನೆ ಕೇಳಿದವರು: ತೋಟದಮನೆ, ಪುತ್ತೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೊಳದ ಮೂರು ಬದಿಗೆ ಕಂಬಿಬೇಲಿ ಇದೆ. ಮನೆಯ ಕಡೆಯ ಬದಿ ತೆರೆದಿದೆ. ಬ್ರಿಸ್ಬೇನಿನವರ ಮಾತು ಓದಿ ನಿನ್ನೆಯೇ ವೆಲ್ಡಿಂಗ್‌ನವರಿಗೆ ಫೋನ್ ಮಾಡಿದೆ.

ಇನ್ನೆರಡು ಸಂಶಯಗಳು. ಮಳೆಗಾಲದ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವಾಗ, ಗಾಳಿ ಬೀಸಿದರೆ ಅದರ ಹನಿಗಳು ಕೊಳಕ್ಕೂ ಬೀಳುತ್ತವೆ. ಅದರಿಂದ ಯಂತ್ರಕ್ಕೆ ಹಾನಿಯೇ? ಪಾಚಿಗೆ ಮೈಲುತುತ್ತವೇ ಮದ್ದು, ಬಿದ್ದರೆ ಒಳ್ಳೆಯದೇ ಆಯಿತು ಎಂದು ಒಬ್ಬರು ಹೇಳಿದರು. ಎರಡನೆಯದು, ಸಿಡಿಲು ಮತ್ತು ಕರೆಂಟು.

ಉತ್ತರ 4: ನೀರುನೆಲೆ, ಮೈಸೂರು

ಮೈಲುತುತ್ತ ಪಾಚಿಯನ್ನು ಕೊಲ್ಲುತ್ತದೆ ಎಂಬುದು ನಿಜ. ಆದರೆ ಅದರಲ್ಲಿರುವ ತಾಮ್ರ ಕ್ಲೋರಿನ್ನಿನಂತೆ ಬಿಸಿಲಿಗೆ ಕರಗಿ ಹೋಗುವುದಿಲ್ಲ. ನೀರು ಬದಲಿಸುವವರೆಗೆ ಹೆಚ್ಚುತ್ತಲೇ ಹೋಗುತ್ತದೆ. ಪಿಎಚ್ ಏರಿದಾಗ ಟೈಲ್ಸಿನ ಸಂದುಗಳಲ್ಲಿ ನೀಲಿ ಹಸಿರು ಅಥವಾ ಕಪ್ಪು ಕಲೆಯಾಗಿ ಕೂರುತ್ತದೆ, ತಿಳಿಬಣ್ಣದ ಕೂದಲಿಗೆ ಹಸಿರು ಛಾಯೆ ಬರಿಸುತ್ತದೆ. ಆ ಕಲೆಯನ್ನು ಯಾವ ಕ್ಲೀನರೂ ಉಜ್ಜಿ ತೆಗೆಯಲಾರದು. ಶೇಕಡಾ ಒಂದರ ಬೋರ್ಡೋ ಎಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ. ಸುಣ್ಣವೂ ಪಿಎಚ್ಚನ್ನು ಏರಿಸುತ್ತದೆ. ಸಿಂಪಡಣೆಯ ದಿನ ಕೊಳಕ್ಕೆ ಟಾರ್ಪಾಲ್ ಹೊದಿಸಿ, ಪಂಪ್ ನಿಲ್ಲಿಸಿ, ಯಂತ್ರವನ್ನು ಒಳಗಿಡಿ. ಟಾರ್ಪಾಲನ್ನು ತೆಗೆಯುವಾಗ ಅದರ ಮೇಲಿನ ನೀರು ಕೊಳಕ್ಕೆ ಬೀಳದಂತೆ ಒಂದು ಬದಿಯಿಂದ ಸುತ್ತುತ್ತಾ ಬನ್ನಿ.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಅದೂ ಇಂಥದೇ ತೊಂದರೆ ಕೊಡುತ್ತದೆ. ತಿಳಿಯಾಗಿ ಕಾಣುವ ನೀರಿಗೆ ಕ್ಲೋರಿನ್ ಹಾಕಿದ ಕೂಡಲೇ ಕಂದು ಬಣ್ಣ ಬಂದರೆ ಅದು ಮಣ್ಣಲ್ಲ, ಕಬ್ಬಿಣ. ತಾವು ಕೆಂಪು ಧೂಳೆಂದು ತಿಳಿದಿರುವುದರಲ್ಲಿ ಅದರ ಪಾಲೂ ಇರಬಹುದು; ಹೊಸ ನೀರು ತುಂಬಿದ ದಿನ ಗಮನಿಸಿ, ಒಮ್ಮೆ ನೀರನ್ನು ಪರೀಕ್ಷೆಗೆ ಕೊಡಿ.

ವಿದ್ಯುತ್ತಿನ ವಿಷಯ. ಕೇಬಲ್ ರೋಬೋಗೆ ದಡದಲ್ಲಿ ಒಂದು ಪವರ್ ಸಪ್ಲೈ ಪೆಟ್ಟಿಗೆ ಇರುತ್ತದೆ. 230 ವೋಲ್ಟನ್ನು ಅದು ಸುಮಾರು 30 ವೋಲ್ಟಿಗೆ ಇಳಿಸಿ ನೀರಿಗೆ ಕಳಿಸುತ್ತದೆ. ಪೆಟ್ಟಿಗೆಯನ್ನು ನೀರಿನಂಚಿನಿಂದ ಮೂರೂವರೆ ಮೀಟರಿಗಿಂತ ದೂರದಲ್ಲಿ, ಮಳೆ ಬಿಸಿಲು ತಾಗದಂತೆ ಇಡಬೇಕು. ಆ ಪ್ಲಗ್‌ಗೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಇರಬೇಕು. ಯಂತ್ರ ನೀರಿನಲ್ಲಿರುವಾಗ ಯಾರೂ ಇಳಿಯಬಾರದು. ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿ. ಬೇಸಿಗೆಯ ಸಂಜೆ ಗುಡುಗು ಕೇಳಿಸಿದೊಡನೆ ಪ್ಲಗ್ ಕಿತ್ತುಬಿಡಿ. ಕರೆಂಟು ಹೋಗಿ ಬಂದರೆ ಕೆಲವು ಯಂತ್ರಗಳು ತಾವಾಗಿ ಮತ್ತೆ ಹೊರಡುವುದಿಲ್ಲ, ಗುಂಡಿ ಒತ್ತಬೇಕು. ಸೈನ್ ವೇವ್ ಇನ್ವರ್ಟರ್ ಇದ್ದರೆ ಇನ್ನೂರು ವಾಟ್ ದೊಡ್ಡ ಹೊರೆಯೇನಲ್ಲ, ಆದರೆ ತಯಾರಕರ ಒಪ್ಪಿಗೆಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಸಕ್ಷನ್ ಕ್ಲೀನರಿಗೆ ಒಂದು ಎಚ್‌ಪಿಯ ಪಂಪ್ ಓಡಲೇಬೇಕಾದ್ದರಿಂದ ಸಾಮಾನ್ಯ ಮನೆಯ ಇನ್ವರ್ಟರಿನಲ್ಲಿ ಅದು ಸಾಗದು.

ಉತ್ತರ 5: ಹೊಂಗೆನೆರಳು, ಬೆಂಗಳೂರು

ಯಂತ್ರಗಳ ಚರ್ಚೆಯಲ್ಲಿ ಗುತ್ತಿಗೆಯ ಆಯ್ಕೆ ಹಿಂದೆ ಸರಿದಿದೆ. ಕನಕಪುರ ರಸ್ತೆಯ ನಮ್ಮ ಮನೆಗೆ ಆರು ವರ್ಷಗಳಿಂದ ಒಬ್ಬರು ವಾರಕ್ಕೆರಡು ದಿನ ಬಂದು ಕೊಳ ನೋಡಿಕೊಳ್ಳುತ್ತಿದ್ದಾರೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದಾಗ, ನೀರು ಬದಲಿಸದೆ ಅದೇ ನೀರನ್ನು ತಿಂಗಳುಗಟ್ಟಲೆ ಕೆಡದಂತೆ ಉಳಿಸಿದ್ದು ಅವರ ಜಾಣ್ಮೆ. ಬ್ಯಾಕ್‌ವಾಶ್ ಅನ್ನು ಗೇಜ್ ನೋಡಿಯೇ ಮಾಡಿದರು, ರಾತ್ರಿ ಹೊದಿಕೆ ಹಾಸಿ ಆವಿಯಾಗುವುದನ್ನು ತಡೆದರು, ಸ್ಕಿಮ್ಮರಿಗೆ ನೈಲಾನ್ ಕಾಲುಚೀಲದಂಥ ಬಲೆ ತೊಡಿಸಿ ಮರಳಿಗೆ ಹೋಗುವ ಧೂಳನ್ನು ಹಿಡಿದರು. ಪಂಪಿನ ಸದ್ದು ಬದಲಾದದ್ದನ್ನು ಕೇಳಿ ಬೇರಿಂಗ್ ಹೋಗುವ ಮೊದಲೇ ಹೇಳುವ ಯಂತ್ರವನ್ನು ನಾನು ಕಂಡಿಲ್ಲ.

ಹಾಗೆಂದು ಎಲ್ಲ ಗುತ್ತಿಗೆಯವರೂ ಹೀಗಿರುವುದಿಲ್ಲ. ಇವರಿಗಿಂತ ಮೊದಲು ಇದ್ದ ಸಂಸ್ಥೆಯವರು ಪ್ರತಿ ಸಲ ಬೇರೆ ಬೇರೆ ಹುಡುಗರನ್ನು ಕಳಿಸುತ್ತಿದ್ದರು. ಒಬ್ಬ ಹುಡುಗ, ಟ್ರೈಕ್ಲೋರ್ ಮಾತ್ರೆಗಳಿದ್ದ ಡಬ್ಬಿಗೇ ಉಳಿದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನು ಸುರಿಯಲು ಹೊರಟಿದ್ದ. ಎರಡೂ ಕ್ಲೋರಿನ್ನೇ ಅಲ್ಲವೇ ಎಂದು ಅವನು ತಿಳಿದಿದ್ದ. ಅವೆರಡೂ ಬೆರೆತರೆ ಬೆಂಕಿ ಹೊತ್ತಬಹುದು, ಡಬ್ಬಿ ಸಿಡಿಯಬಹುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗೆ ಗ್ಲೌಸೂ ಇರಲಿಲ್ಲ. ತಪ್ಪು ಅವನದಲ್ಲ. ಅಂದಿನಿಂದ ನಾನು ಗುತ್ತಿಗೆ ಮಾಡುವಾಗ ಬರುವವರು ಒಬ್ಬರೇ ಆಗಿರಬೇಕು, ಗ್ಲೌಸು ಮತ್ತು ಕನ್ನಡಕ ಕೊಡಬೇಕು, ಬಂದಾಗಲೆಲ್ಲ ಪಿಎಚ್ ಮತ್ತು ಕ್ಲೋರಿನ್ ಅಳೆದು ಪುಸ್ತಕದಲ್ಲಿ ಬರೆಯಬೇಕು, ಆಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್ಡಿಗೆ ಸುರಿಯಬಾರದು ಎಂಬುದು ಅವರಿಗೆ ತಿಳಿದಿರಬೇಕು ಎಂದು ಮೊದಲೇ ಮಾತಾಡಿಕೊಳ್ಳುತ್ತೇನೆ.

ನಿಮಗೆ ನನ್ನ ಸಲಹೆ ಇದು: ತಳ ತೊಳೆಯುವ ಕೆಲಸಕ್ಕೆ ರೋಬೋ ತನ್ನಿ, ತಿಂಗಳಿಗೊಮ್ಮೆ ತಿಳಿದವರೊಬ್ಬರು ಬಂದು ಪಂಪು, ಫಿಲ್ಟರು, ನೀರಿನ ಗುಣ ನೋಡುವಂತೆ ಮಾಡಿ. ಪಟಿಕ ಹಾಕಿ ಹೊರಗೆ ಎಳೆಯುವ ಕೆಲಸವನ್ನೂ ಆ ಭೇಟಿಗೇ ಹೊಂದಿಸಬಹುದು. ವಾರಕ್ಕೆರಡು ಸಲ ಮಂಗಳೂರಿನಿಂದ ಬರುವವರಿಗೆ ಕೊಡುವ ಹಣದ ಹೆಚ್ಚಿನ ಪಾಲು ಪ್ರಯಾಣಕ್ಕೇ ಹೋಗುತ್ತದೆ.

ಪ್ರಶ್ನೆ ಕೇಳಿದವರು: ತೋಟದಮನೆ, ಪುತ್ತೂರು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲು ಪೆಟ್ಟಿಗೆ ಇಡುವ ಜಾಗದಿಂದ ಕೊಳದ ದೂರದ ಮೂಲೆಯವರೆಗೆ ಹಗ್ಗ ಹಿಡಿದು ಅಳೆದೆ. ಹದಿಮೂರು ಮೀಟರ್ ಬಂತು, ಹದಿನೆಂಟು ಮೀಟರಿನ ಕೇಬಲ್ ಸಾಕು. ಹೊಸ ನೀರಿನ ಒಂದು ಬಕೆಟಿಗೆ ಕ್ಲೋರಿನ್ ಹಾಕಿ ಇಟ್ಟೆ. ಅರ್ಧ ಗಂಟೆಯಲ್ಲಿ ತೆಳುವಾದ ಕಂದು ಬಣ್ಣ ಬಂತು. ನಾಲ್ಕು ವರ್ಷ ದರೆಯ ಮಣ್ಣನ್ನು ದೂರಿದ್ದು ಪೂರ್ತಿ ಸರಿಯಲ್ಲವೆಂದು ತಿಳಿಯಿತು. ನೀರನ್ನು ಪರೀಕ್ಷೆಗೆ ಕೊಟ್ಟಿದ್ದೇನೆ. ದರೆಯ ಬುಡದ ಚರಂಡಿಗೆ ಕೆಂಪುಕಲ್ಲು ಇಳಿಸಿದ್ದಾಗಿದೆ.

ಮೂವರು ಮಾರಾಟಗಾರರಿಗೂ ಸಕಲೇಶಪುರದವರ ಪ್ರಶ್ನೆಗಳನ್ನೇ ಕೇಳಿದೆ. ಬ್ಯಾಟರಿ ರೋಬೋದವರು ಬ್ಯಾಟರಿ ಬದಲಿಸುವ ಬಗ್ಗೆ ಸ್ಪಷ್ಟ ಉತ್ತರ ಕೊಡಲಿಲ್ಲ. ಕೇಬಲ್ ರೋಬೋದವರು ರಿಪೇರಿ ಬೆಂಗಳೂರಿನಲ್ಲಿ ಆಗುತ್ತದೆಂದೂ, ಹೋಗಿ ಬರುವ ಸಾಗಣೆ ಎರಡು ವರ್ಷ ತಮ್ಮದೇ ಎಂದೂ ಬರೆದುಕೊಟ್ಟಿದ್ದಾರೆ. ಮುಂಗಡ ಕೊಡುವ ಮೊದಲು ಸ್ಪಂಜಿನ ಬ್ರಶ್ ಹಾಕಿದ ಯಂತ್ರವನ್ನು ತಂದು ನಮ್ಮ ಕೊಳದಲ್ಲೇ ಓಡಿಸಿ ತೋರಿಸಬೇಕೆಂಬ ನನ್ನ ಷರತ್ತಿಗೂ ಒಪ್ಪಿ, ಬರುವ ಶುಕ್ರವಾರ ಬರುತ್ತಿದ್ದಾರೆ. ಅಲ್ಲಿಯವರೆಗೆ ಕೊಳವನ್ನು ತೊಳೆಯಬೇಡಿ, ಉದುರಿದ ಹೂವೆಲ್ಲ ತಳದಲ್ಲಿಯೇ ಇರಲಿ, ಯಂತ್ರ ಅದನ್ನು ಎಷ್ಟು ಹೊತ್ತಿಗೆ ತೆಗೆಯುತ್ತದೆಂದು ನಾನೇ ಗಡಿಯಾರ ಹಿಡಿದು ನೋಡುತ್ತೇನೆ ಎಂದು ಮನೆಯವಳು ಹೇಳಿದ್ದಾಳೆ. ನೀರಿನಿಂದ ಮೇಲೆತ್ತಿ ನೋಡುವವಳೂ ಅವಳೇ. ಅವಳಿಗೆ ಎತ್ತಲು ಆಗದಿದ್ದರೆ ಆ ಯಂತ್ರ ನಮಗೆ ಬೇಡ.